ಗೆಸ್ಟು ಮೇಡಂ

“ಯಾರು, ಸುಮಲತಾನಾ? ಓ, ಗೆಸ್ಟು ಮೇಡಂ!” ಎಂದ ಕಾಲೇಜಿನ ಅಟೆಂಡರ್ ಆರುಮುಗಂ.

“ಗೆಸ್ಟಲ್ಲ ಸಾಮಿ, ಅಸಿಸ್ಟೆಂಟ್ ಪ್ರೊಫೆಸರು,” ಎಂದು ಬಚ್ಚಪ್ಪ ಜೇಬಿನಿಂದ ಕಾಗದ ತೆಗೆದ. ಬೆಳಿಗ್ಗೆ ಬಂದ ಸ್ಪೀಡ್ ಪೋಸ್ಟನ್ನು ಅಂಚೆಯವನಿಂದ ಎರಡು ಸಲ ಓದಿಸಿಕೊಂಡು, ಹಾಲು ಕರೆದ ಬಟ್ಟೆಯಲ್ಲೇ ಕ್ಯಾಸಂಬಳ್ಳಿಯಿಂದ ಬಸ್ಸು ಹತ್ತಿ ಕೆಜಿಎಫ್‌ಗೆ ಬಂದಿದ್ದ.

ಮಗಳು ಸುಮಲತಾ ಹನ್ನೊಂದು ವರ್ಷದಿಂದ ಇಲ್ಲಿ ಅತಿಥಿ ಉಪನ್ಯಾಸಕಿ. “ಅನ್ನೊಂದ್ ವರ್ಷ ಯಾವ ನೆಂಟರನ್ನ ಇಟ್ಕೊಂತಾರಮ್ಮ?” ಎಂದು ಅವನು ಈಚೆಗೊಮ್ಮೆ ಕೇಳಿದ್ದ. ಅವಳು ನಕ್ಕಿರಲಿಲ್ಲ. ಪ್ರತಿ ವರ್ಷವೂ ರಜೆ ಬಂದಾಗ ಕೆಲಸ ನಿಲ್ಲುತ್ತಿತ್ತು. ಮತ್ತೆ ಅರ್ಜಿ ಹಾಕಬೇಕಿತ್ತು. ಮೊನ್ನೆಯಷ್ಟೇ, “ಈ ಸಲ ಪರ್ಮನೆಂಟ್ ಆಗ್ದಿದ್ರೆ ಬಿಟ್ಬಿಡ್ತೀನಪ್ಪ. ವಯಸ್ಸೂ ಮೀರ್ತು,” ಎಂದಿದ್ದಳು.

ಕಾಗದ ಓದುತ್ತಲೇ ಆರುಮುಗಂ ಎದ್ದು ನಿಂತ. “ನಮ್ ಮೇಡಂಗೆ ಪರ್ಮನೆಂಟಾ! ಮೇಲೆ ಓಗಿ ಅಣ್ಣಾ, ಕ್ಲಾಸಲ್ಲೇ ಕೊಡಿ!”

ಮೆಟ್ಟಿಲು ಹತ್ತಿದ ಬಚ್ಚಪ್ಪ ಬಾಗಿಲಲ್ಲಿ ನಿಂತು ಕೂಗಲು ಬಾಯಿ ತೆರೆದವನು ಹಾಗೇ ಉಳಿದ. ಮಗಳ ಅಂಗೈಯಲ್ಲಿ ಒಂದು ಕಪ್ಪು ಕಲ್ಲಿತ್ತು.

“ನಮ್ಮ ಕಾಲಡಿಯ ಕಲ್ಲು ಇದು. ಇನ್ನೂರೆಪ್ಪತ್ತು ಕೋಟಿ ವರ್ಷ! ಆಗ ಒಂದು ಹುಲ್ಲುಕಡ್ಡಿ ಇರಲಿಲ್ಲ, ಒಂದು ಇರುವೆ ಇರಲಿಲ್ಲ. ಇಲ್ಲಿ ಕಡಲಿತ್ತು. ಕಡಲ ತಳ ಸೀಳಿ ಬೆಂಕಿ ಉಕ್ಕಿತು. ಆ ಬೆಂಕಿ ಆರಿ ಇದಾಯ್ತು.”

ಮೂವತ್ತು ಹುಡುಗ ಹುಡುಗಿಯರಲ್ಲಿ ಒಬ್ಬರೂ ಮಿಸುಕಲಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಸಾಕಾ ಎಂದು ಕೇಳುವ ದನಿಯೇ ಇದು ಎಂದು ನಂಬಲು ಬಚ್ಚಪ್ಪನಿಗೆ ಕಷ್ಟವಾಯಿತು. ಹನ್ನೊಂದು ವರ್ಷ ಇವಳು ದಿನಾ ಬಸ್ಸು ಹತ್ತಿ ಬಂದು ಮಾಡುತ್ತಿದ್ದುದು ಇದನ್ನೇ?

“ಅಪ್ಪಾ! ಏನಾಯ್ತು? ಅಮ್ಮ ಉಷಾರಾಗವ್ಳಾ?”

“ಉಷಾರಾಗವ್ಳೆ ತಾಯಿ. ಇದು ಬಂತು.”

ಅವಳು ಕಾಗದವನ್ನು ಕೊನೆಯವರೆಗೂ ಓದಿದಳು. ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇನ್ನೂ ಹತ್ ನಿಮ್ಷ ಐತೆ ಅಪ್ಪ. ಮುಗಿಸ್ಲಾ?”

“ಮುಗ್ಸಮ್ಮ. ನಾನೂ ಕೇಳ್ತೀನಿ.”

ಕೊನೆಯ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಪಾಠ ಮುಂದುವರಿಯಿತು. ಕಲ್ಲು ಕೈಯಿಂದ ಕೈಗೆ ಸಾಗಿ ಅವನವರೆಗೂ ಬಂತು. ನಲವತ್ತು ವರ್ಷ ಇಂಥವನ್ನೇ ಹೊಲದಲ್ಲಿ ಆರಿಸಿ ಬದುವಿಗೆ ಎಸೆದಿದ್ದ. ಈಗ ಎರಡೂ ಅಂಗೈಗಳಲ್ಲಿ ಹಿಡಿದು ಕುಳಿತ. ಪಕ್ಕದ ಹುಡುಗಿ ತುಸು ಹೊತ್ತು ಕಾದಳು. ಆಮೇಲೆ ಮೆಲ್ಲಗೆ, “ತಾತ, ನಂಗೂ ಕೊಡ್ತೀರಾ?” ಎಂದಳು.