ಎರಡು ಮಣಿಕಟ್ಟು

"ಇನ್ನೊಮ್ಮೆ ಮೂಸಿ ನೋಡಿ ಬಾಯಮ್ಮ" ಎಂದ ನಾಯ್ಮಾರ್ಮೂಲೆಯ ಅತ್ತರಿನ ಅಂಗಡಿಯವ. ಜೋಸ್ಫಿನಳ ಎಡ ಮಣಿಕಟ್ಟಿಗೆ ಲವಂಗದ್ದು, ಬಲ ಮಣಿಕಟ್ಟಿಗೆ ಕೇಸರಿ-ದಾಲ್ಚಿನ್ನಿಯದ್ದು ಸವರಿದ್ದ. "ಚಳಿಗೆ ಗಲ್ಫಿನವರು ಕೇಳುವುದು ಇದೇ ಎರಡು. ನಿಮ್ಮವರು ಹಾಕ್ತಿದ್ದದ್ದು ಯಾವುದು?"

ಅದೇ ಗೊತ್ತಿರಲಿಲ್ಲ. ಹನ್ನೆರಡು ವರ್ಷದ ಸಂಸಾರದಲ್ಲಿ ಗಂಡ ಸಾಲ್ವದೊರ್ ಜೊತೆಗಿದ್ದದ್ದು ಡಿಸೆಂಬರಿನ ರಜೆಯಲ್ಲಿ ಮಾತ್ರ. ಅವನ ಸ್ವೆಟರಿಗೆ ಮುಖ ಒತ್ತಿದ್ದನ್ನು ಕೆದಕಿ ಕೆದಕಿ ನೆನೆದಳು. ಉಣ್ಣೆ ಚುಚ್ಚಿದ್ದು ನೆನಪಾಯಿತು, ವಾಸನೆ ನೆನಪಾಗಲಿಲ್ಲ. ತನ್ನ ಮೇಲೇ ಸಿಟ್ಟು ಬಂತು. ಶಾರ್ಜಾದಿಂದ ಬಂದ ಪೆಟ್ಟಿಗೆಯಲ್ಲಿ ಬಾಟಲಿ ಇರಲಿಲ್ಲ. ಅಂಗಿಗಳನ್ನು ಯಾರೋ ಪುಣ್ಯಾತ್ಮರು ಚೆನ್ನಾಗಿ ಒಗೆದು ಕಳಿಸಿದ್ದರು.

ಸೆಪ್ಟೆಂಬರಿನಲ್ಲಿ ಅವನು ಅಲ್ಲೇ ಸತ್ತು ಅಲ್ಲೇ ಮಣ್ಣಾಗಿದ್ದ. ಟೆಲಿಗ್ರಾಂ ಬಂದ ದಿನ ಇಡೀ ಶಿರಿಯ ಊರಿಗೆ ತಿಳಿಯಿತು, ಅವನ ತಾಯಿ ಮಗ್ದಲಿನ್‌ಗೆ ಮಾತ್ರ ಯಾರೂ ಹೇಳಲಿಲ್ಲ. ಮುದುಕಿಗೆ ಎರಡೂ ಕಣ್ಣು ಹೋಗಿತ್ತು, ಹೃದಯವೂ ಸರಿಯಿರಲಿಲ್ಲ. ಜೋಸ್ಫಿನ್ ಪದ್ಧತಿಯಂತೆ ಮದುವೆಯ ಗಾಜಿನ ಬಳೆ ಒಡೆಸಿಕೊಂಡಳು, ಕಪ್ಪು ಸೀರೆ ಉಟ್ಟಳು. ಕಾಣದವರ ಎದುರು ಅಡಗಿಸಲಿಕ್ಕೆ ಎಂತ ಉಂಟು ಎಂದುಕೊಂಡಿದ್ದಳು.

ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ಶುರುವಾದ ಮೇಲೆ ಮುದುಕಿ ಗಂಜಿಯನ್ನೂ ಅರ್ಧಕ್ಕೇ ಬಿಡತೊಡಗಿದರು. ಮಗನ ದಾರಿ ಕಾಯುತ್ತಿದ್ದಾರೆಂದೇ ಎಲ್ಲರೂ ತಿಳಿದರು. ಕೊನೆಗೆ ಮೈದುನ ಮೈಕಲ್ ಹೇಳಿದ: "ನನ್ನದು ಅಣ್ಣನದ್ದೇ ಸ್ವರ. ಅವನದ್ದೇ ಅತ್ತರು ಹಾಕಿ ಒಮ್ಮೆ ಅವನ ಹಾಗೆ ಆಶೀರ್ವಾದ ಕೇಳ್ತೇನೆ ಅತ್ತಿಗೆ. ನಾಲ್ಕು ತುತ್ತು ಉಂಡರೆ ಸಾಕಲ್ಲ."

"ಲವಂಗದ್ದೇ ಕೊಡಿ" ಎಂದು ಜೋಸ್ಫಿನ್ ಅಂದಾಜಿನ ಮೇಲೆ ಅಂಗಡಿಯವನಿಗೆ ಹೇಳಿದಳು.

ಸಂಜೆ ತೇರ್ಸಕ್ಕೆ, ಜಪಮಾಲೆಯ ಪ್ರಾರ್ಥನೆಗೆ, ಮೊದಲು ಅಣ್ಣನ ಸ್ವೆಟರ್ ತೊಟ್ಟ ಮೈಕಲ್ ತಾಯಿಯ ಎದುರು ಮೊಣಕಾಲೂರಿದ. "ಬೆಸಾಂವ್ ದಿ, ಮಾಂಯ್" ಎಂದು ಆಶೀರ್ವಾದ ಕೇಳಿದ.

ಮುದುಕಿ ಅವನ ತಲೆ, ಹೆಗಲು ಸವರಿ, ಬಗ್ಗಿ ಮೂಸಿದರು. ಹಣೆಗೆ ಶಿಲುಬೆ ಗುರುತು ಹಾಕಿದರು. "ದೇವರು ಒಳ್ಳೇದು ಮಾಡಲಿ ಮೈಕಲ್. ಅವನ ಸ್ವೆಟರ್ ನಿನಗೆ ಬಿಗಿ ಆಗ್ತದಲ್ಲ ಮಗಾ."

ಮುದುಕಿ ಗಾಳಿಯಲ್ಲಿ ಕೈಯಾಡಿಸಿ ಸೊಸೆಯ ಕೈ ಹಿಡಿದರು. ಎಡದ್ದನ್ನು ಮೂಸಿ ಬಿಟ್ಟರು. ಕೇಸರಿ-ದಾಲ್ಚಿನ್ನಿ ಸವರಿದ್ದ ಬಲದ್ದನ್ನು ಮೂಗಿಗೆ ಒತ್ತಿ ಹಿಡಿದರು.

"ಅವನದ್ದು ಇದು ಬಾಯೆ" ಎಂದರು. ಅವರ ಹೆಬ್ಬೆರಳು ಬೋಳು ಮಣಿಕಟ್ಟಿನ ಸುತ್ತ ಒಂದು ಸುತ್ತು ಬಂತು. "ನೀನು ಪಾತ್ರೆ ತೊಳೆಯುವಾಗ ಬಳೆಯ ಶಬ್ದ ಕೇಳದೆ ಮೂರು ತಿಂಗಳಾಯ್ತು. ನೀವಾಗಿ ಹೇಳ್ತೀರೇನೋ ಅಂತ ಕಾದೆ."

ಜೋಸ್ಫಿನ್ ಅವರ ಮಡಿಲಲ್ಲಿ ಮುಖವಿಟ್ಟು ಅತ್ತಳು. ಟೆಲಿಗ್ರಾಂ ಬಂದಂದಿನಿಂದ ಆ ಮನೆಯೊಳಗೆ ಅವಳು ಸ್ವರ ತೆಗೆದು ಅತ್ತಿರಲಿಲ್ಲ.

ತೇರ್ಸ ಮುಗಿಯಿತು. ಸತ್ತವರಿಗಾಗಿ ಪ್ರಾರ್ಥಿಸುವಾಗ ಮುದುಕಿ ಎಂದಿನಂತೆ ಮೊದಲು ಗಂಡ ಮೊರಿಸರ ಹೆಸರು ಹೇಳಿದರು. ಆಮೇಲೆ, "ಸಾಲ್ವದೊರ್" ಎಂದರು. ಸೊಸೆಯ ಬಲಗೈಯನ್ನು ಇನ್ನೂ ಬಿಟ್ಟಿರಲಿಲ್ಲ.