ತಳದ ಗಸಿ

"ಬಾಟ್ಲಿ ತೋರಿಸ್ರಿ," ಎಂದಳು ಶೇಖರಮ್ಮ. ಕೂತುಕೊಳ್ಳಲು ಯಾರೂ ಹೇಳಿರಲಿಲ್ಲ. ಪಡಸಾಲೆಯ ಕಂಬ ದಾಟಬಾರದೆಂದೂ ಯಾರೂ ಹೇಳಿರಲಿಲ್ಲ; ಅದು ಅವಳಿಗೆ ಗೊತ್ತಿತ್ತು.

ಯಲಬುರ್ಗಾದ ದವಾಖಾನೆಗೆ ನರ್ಸಾಗಿ ಬಂದು ವರ್ಷ ದಾಟಿದರೂ ಈ ಊರಿನ ಒಂದು ಮನೆಯಲ್ಲೂ ಅವಳಿಗೆ ಕುಡಿಯಲು ನೀರು ಸಿಕ್ಕಿರಲಿಲ್ಲ. ಹೈದರಾಬಾದಿನಲ್ಲಿ ಕಲಿತವಳು, ಮದುವೆಯಾಗದವಳು, ಯಾರ ಯಾರದೋ ಮೈ ಮುಟ್ಟುವವಳು. ದ್ವೇಷಿಸಲಿಕ್ಕೂ ಒಂದು ಸಂಬಂಧ ಬೇಕು, ತನಗೂ ಇವರಿಗೂ ಅಷ್ಟೂ ಇಲ್ಲ ಎಂದುಕೊಂಡಿದ್ದಳು. ಹೋದ ವಾರ ಅದು ಸುಳ್ಳಾಯಿತು.

ಹೋದ ವಾರ ಕಾಳಿನ ವ್ಯಾಪಾರಿ ಈಶಪ್ಪ ತಾಯಿಯ ನಿಶ್ಶಕ್ತಿಗೆ ಔಷಧ ಕೇಳಿಕೊಂಡು ಬಂದಿದ್ದ. ಲಡಾಯಿಯ ಕಾಲ, ಸೀಸೆ ಸಿಗದು. ರೋಗಿಗಳೇ ಬಾಟ್ಲಿ ತರಬೇಕು. ಅವನು ಬಾಟ್ಲಿಯನ್ನು ಅವಳ ಕೈಗೆ ಕೊಡದೆ ನೆಲದ ಮೇಲಿಟ್ಟು ಕಾಲಿನಿಂದ ಮುಂದಕ್ಕೆ ಸರಿಸಿದ. "ಏ ಬಾಯಿ, ತುಂಬು."

ಕಾಂಪೌಂಡರ್ ದಾದೇಸಾಬ ಕಾಸರಕದ ಸತ್ವ ಹಾಕಿದ ಟಾನಿಕ್ ತುಂಬಿ, ಊರವರಿಗೆ ಓದಲು ಬಾರದ ಉರ್ದು ಚೀಟಿ ಅಂಟಿಸಿ ಕೊಟ್ಟ. ಕಾಸರಕ ವಿಷ. ತುಸುವಾದರೆ ಬಲ, ಹೆಚ್ಚಾದರೆ ಸಾವು. ಆ ಟಾನಿಕ್ಕಿನಲ್ಲಿ ಅದು ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಪ್ರತಿ ಸಲ ಕಲಕಿ ಕುಡಿಸಿ ಎಂದು ಬಾಯಿಬಿಟ್ಟು ಹೇಳುವುದು ಶೇಖರಮ್ಮನ ಕೆಲಸ. ಅವಳು ಹೇಳಲಿಲ್ಲ. ಮರೆತಿರಲಿಲ್ಲ. ಈಶಪ್ಪ ಹೊಸ್ತಿಲು ದಾಟುವವರೆಗೆ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಆ ಹೊತ್ತಿನಲ್ಲಿ ಅವಳಿಗೆ ಸುಖವೆನಿಸಿತ್ತು.

ಆಮೇಲೆ ನಿದ್ದೆ ಬರಲಿಲ್ಲ. ಇವತ್ತು ತಾನಾಗಿಯೇ ಈಶಪ್ಪನ ಮನೆಗೆ ಬಂದಿದ್ದಳು.

ಈಶಪ್ಪನ ತಾಯಿ ವಿರೂಪಾಕ್ಷಮ್ಮ ಬಾಟ್ಲಿಯನ್ನು ದೂರದಿಂದಲೇ ಎತ್ತಿ ತೋರಿಸಿದಳು. ಔಷಧ ಮುಗಿದಿತ್ತು. ತಳದಲ್ಲಿ ಮಾತ್ರ ಸುಣ್ಣದಂಥ ಬಿಳಿ ಗಸಿ ನಿಂತಿತ್ತು.

"ಕಲಕಲಿಲ್ಲೇನ್ರಿ?"

"ಕೆರಿ ನೀರು ಯಾರರ ಕಲಕಿ ಕುಡೀತಾರೇನು? ತಿಳಿ ಆಗಾಕ ಬಿಟ್ಟು ಮ್ಯಾಲಿಂದಷ್ಟ ಕುಡದೀನಿ. ನಿನ್ನ ಔಷಧದಾಗ ಏನ ಬಲ ಐತಿ, ಮಣ್ಣು!"

ಈ ಕರಿಮಣ್ಣಿನ ಸೀಮೆಯಲ್ಲಿ ಕೆಸರು ನೀರನ್ನು ಕೊಡದಲ್ಲಿ ಇಟ್ಟು, ತಿಳಿಯಾದ ಮೇಲೆ ಬಸಿದುಕೊಳ್ಳುತ್ತಾರೆ. ತಿಳಿ ಹಿರಿಯರಿಗೆ, ತಳದ್ದು ಸೊಸೆಗೆ. ಶೇಖರಮ್ಮನಿಗೆ ಇದೂ ಗೊತ್ತಿತ್ತು. ಗೊತ್ತಿದ್ದೇ ಅವತ್ತು ಸುಮ್ಮನಿದ್ದಳು.

"ಅದನ್ನ ಚೆಲ್ರಿ."

"ಯಾಕ ಚೆಲ್ಲಬೇಕು? ನಮ್ಮ ಶಂಕ್ರಮ್ಮಗ ಮೈ ನಡುಗತೈತಿ. ನೀರು ಹಾಕಿ ಆಕಿಗೆ ಕುಡಸ್ತೀನಿ."

ಸೊಸೆ ಶಂಕ್ರಮ್ಮ ಮೂಲೆಯಲ್ಲಿ ಜೋಳ ಬೀಸುತ್ತಿದ್ದಳು. ಮುಂಗೈ ಮೇಲೆ ಹೊಸ ಬರೆ. ತಲೆ ಎತ್ತಲಿಲ್ಲ.

ಶೇಖರಮ್ಮ ಕೈ ಚಾಚಿದಳು. ಮುದುಕಿ ಹಿಂದೆ ಸರಿದಳು. "ಮುಟ್ಟಬ್ಯಾಡ!"

ಕೂಗು ಕೇಳಿ ಈಶಪ್ಪ ಒಳಗಿನಿಂದ ಬಂದ. "ಏನದು?"

"ಔಷಧ ಕೆಟ್ಟೈತ್ರಿ. ವಾಪಸ್ ಕೊಡ್ರಿ."

"ಕೆಟ್ಟದ್ದು ಕೊಟ್ಟಿಯೇನು ಹಂಗಾರ?"

"ಹಂಗಲ್ಲ."

"ಮತ್ತ ಹೆಂಗ?"

ಹೇಳಿದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಶಂಕ್ರಮ್ಮ ಸಾಯುವುದಕ್ಕಿಂತ ಈ ಪ್ರಶ್ನೆಗೇ ತಾನು ಹೆಚ್ಚು ಹೆದರಿದ್ದೇನೆಂದು ಶೇಖರಮ್ಮನಿಗೆ ಹೊಳೆಯಿತು. ತನ್ನ ಬಗ್ಗೆ ಅಸಹ್ಯವಾಯಿತು.

"ತಳದಾಗಿಂದು ವಿಷ," ಎಂದಳು. "ಕುಡದ್ರ ಸಾಯ್ತಾರ."

ಬೀಸುವ ಕಲ್ಲು ನಿಂತಿತು.

ವಿರೂಪಾಕ್ಷಮ್ಮ ನಕ್ಕಳು. "ಮ್ಯಾಲಿಂದು ಕುಡದ ನಾ ಗುಂಡಕಲ್ಲಿನಂಗ ಅದೀನಿ, ತಳದಾಗಿಂದು ವಿಷ ಅಂತ! ಉಳದದ್ದು ಒಯ್ದು ಮತ್ತೊಬ್ಬರಿಗೆ ಮಾರಾಕ ಆಟ ಹೂಡ್ಯಾಳ."

"ಕಳ್ಳಿ," ಎಂದ ಈಶಪ್ಪ. "ನಡಿ ಹೊರಗ."

ಅವಳು ಹೆದರಿದ್ದ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಅವಳಿಗೆ ಹಗುರವಾಗಬೇಕಿತ್ತು. ಆಗಲಿಲ್ಲ.

ಶಂಕ್ರಮ್ಮ ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಂಡು ಎದ್ದು ಬಂದಳು. ಮೊದಲ ಸಲ ಶೇಖರಮ್ಮನ ಮುಖ ನೋಡಿದಳು.

"ಖರೇನ್ರಿ?"

"ಖರೇ."

"ಇಲ್ಲಿ ಕೊಡ್ರಿ ಅತ್ತಿ, ಆಮ್ಯಾಲ ಕುಡೀತೀನಿ," ಎಂದು ಶಂಕ್ರಮ್ಮ ಬಾಟ್ಲಿ ಇಸಕೊಂಡಳು. ಅತ್ತೆಗೂ ಗಂಡನಿಗೂ ಬೆನ್ನು ಮಾಡಿ ಅದನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸೆರಗು ಎಳೆದುಕೊಂಡಳು. ಶೇಖರಮ್ಮನನ್ನು ನೋಡಿ ಮೆಲ್ಲಗೆ ನಕ್ಕಳು. ಈ ಊರಿನಲ್ಲಿ ಶೇಖರಮ್ಮನ ಮಾತನ್ನು ಒಬ್ಬರು ನಂಬಿದ್ದು ಇದೇ ಮೊದಲು.

ಶೇಖರಮ್ಮ ಬಾಯಿ ತೆರೆದಳು.

"ಏ, ನಡಿ ಅಂದ್ನಲ್ಲ!" ಈಶಪ್ಪ ಅವಳನ್ನು ಬೀದಿಗೆ ಅಟ್ಟಿ ಕದ ಹಾಕಿಕೊಂಡ.

ಬಿಸಿಲು ನೆತ್ತಿಗೆ ಬಂದಿತ್ತು. ಎದುರು ಮನೆಗಳ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಬಾಗಿಲು ಬಡಿಯಲು ಅವಳು ಕೈ ಎತ್ತಿದಳು. ಬಾಟ್ಲಿ ಶಂಕ್ರಮ್ಮನ ಸೊಂಟದಲ್ಲಿದೆ ಎಂದು ಕೂಗಿದರೂ ಸಾಕಿತ್ತು. ಕೈ ಎತ್ತಿದಂತೆಯೇ ಇತ್ತು. ಹಲ್ಲು ತಾನಾಗಿಯೇ ಕಚ್ಚಿಕೊಂಡಿತ್ತು.

"ಉಣ್ಣಾಕ ನೀಡು," ಒಳಗಿನಿಂದ ಈಶಪ್ಪನ ದನಿ.

"ಬಂದೆನ್ರಿ," ಶಂಕ್ರಮ್ಮನದು, ಗೆಲುವಿನಿಂದ.

ನೆಲಕ್ಕೆ ತಾಟು ಇಟ್ಟ ಸದ್ದಾಯಿತು. ಮತ್ತೊಂದು. ಶೇಖರಮ್ಮ ಕದಕ್ಕೆ ಕಿವಿಯಿಟ್ಟು ಮೂರನೆಯದಕ್ಕೆ, ಶಂಕ್ರಮ್ಮನ ತಾಟಿಗೆ, ಕಾಯತೊಡಗಿದಳು.