ಬುಧವಾರದವರೆಗೆ ಗಡ್ಡ

"ಗಡ್ಡ ಇರೋರು ಟೋಪಿ ಹಾಕ್ಕಳಿ, ಇಲ್ದಿರೋರು ಕುಂಕುಮ ಇಟ್ಕಳಿ. ಅಷ್ಟೇಯ ಕಣ್ರಪ್ಪ ಸಿನಿಮಾ," ಎಂದ ಕುಮಾರಸ್ವಾಮಿ. ಶೂಟಿಂಗಿಗೆ ಊರಿನ ಜನರನ್ನು ಒದಗಿಸುವವನು ಅವನೇ.

ಮಧುಗಿರಿ ಕೋಟೆಯ ಬುಡದಲ್ಲಿ ಮಲಯಾಳಂ ಸಿನಿಮಾ ತೆಗೆಯುತ್ತಿದ್ದರು. ಒಬ್ಬ ಹಿಂದೂ, ಒಬ್ಬ ಮುಸ್ಲಿಂ, ಇಬ್ಬರ ಗೆಳೆತನದ ಕಥೆಯಂತೆ. ದೃಶ್ಯದ ಹಿಂದುಗಡೆ ಕೂತು ಟೀ ಕುಡಿಯುವ ಪಾತ್ರಕ್ಕೆ ಬಂದವರಲ್ಲಿ ಕುರಿ ಸಾಕುವ ಓಬಳರಾಜುವೂ ಲಗೇಜ್ ಆಟೋ ಓಡಿಸುವ ದಸ್ತಗೀರನೂ ಇದ್ದರು. ಓಬಳರಾಜು ಐದು ತಿಂಗಳಿಂದ ಹರಕೆಗೆಂದು ಗಡ್ಡ ಬಿಟ್ಟಿದ್ದ. ದಸ್ತಗೀರ ದಿನಾ ನುಣ್ಣಗೆ ಬೋಳಿಸಿಕೊಳ್ಳುವವನು. ಹೀಗಾಗಿ ಟೋಪಿ ಅವನ ತಲೆಗೆ ಬಂತು, ಕುಂಕುಮ ಇವನ ಹಣೆಗೆ.

"ನಮ್ ಮನೇವ್ಳು ನೋಡಿದ್ರೆ ಬಾಗ್ಲು ತೆಗೆಯಲ್ಲ ಕಣ್ಲಾ," ಎಂದ ದಸ್ತಗೀರ.

"ನಮ್ಮವ್ಳು ಯಾರೋ ಸಾಬ್ರು ಬಂದವ್ರೆ ಅಂತ ಚಾಪೆ ಹಾಸ್ತಾಳೆ ಬುಡು. ನಂಗೆ ಯಾವತ್ತೂ ಹಾಸಿಲ್ಲ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಆ ನಗು ಡೈರೆಕ್ಟರಿಗೆ ಹಿಡಿಸಿತು. ಬುಧವಾರ ನಾಯಕನಿಗೆ ದಾರಿ ತೋರಿಸುವವರು ಇವರಿಬ್ಬರೇ ಎಂದುಬಿಟ್ಟ. ದಸ್ತಗೀರನಿಗೆ ಒಂದು ಮಾತೂ ಸಿಕ್ಕಿತು: "ಕೆರೆ ಏರಿ ಮೇಲೆ ಹೋಗಿ ಸ್ವಾಮಿ." ಮೂವತ್ತು ವರ್ಷದಿಂದ ಹೊಸ ಸಿನಿಮಾದ ಮೊದಲ ಆಟ ತಪ್ಪಿಸದ ದಸ್ತಗೀರ, ಸಂಜೆಯೊಳಗೆ ಅದನ್ನು ಹತ್ತಾರು ಧಾಟಿಯಲ್ಲಿ ಹೇಳಿ ನೋಡಿದ್ದ.

"ಬುಧವಾರ ಆಗಕಿಲ್ಲ," ಎಂದ ಓಬಳರಾಜು, ಆಟೋದಲ್ಲಿ ಊರಿಗೆ ಮರಳುವಾಗ. "ಸೋಮವಾರ ಸಿದ್ದರಬೆಟ್ಟದಲ್ಲಿ ಗಡ್ಡ ಕೊಡ್ಬೇಕು."

"ಎರಡು ದಿನ ತಡ ಆದ್ರೆ ಸ್ವಾಮಿ ಬೆಟ್ಟ ಬಿಟ್ಟು ಓಡೋಯ್ತಾನಾ?"

"ಈ ಸೋಮವಾರ ಅಂತ ಹೇಳ್ಕಂಡಿವ್ನಿ. ಅಂಟ್ಸೋ ಗಡ್ಡ ಸಿಕ್ತದಂತಲ್ಲ, ಅದನ್ನೇ ಹಾಕ್ಲಿ."

"ಅದು ಆಗಕಿಲ್ಲ ಕಣ್ಲಾ. ಕ್ಯಾಮೆರಾ ಹತ್ರ ಇಟ್ಟು ತೆಗೀತಾರಂತೆ, ಅಂಟ್ಸಿದ್ದು ಗೊತ್ತಾಯ್ತದೆ. ಇಬ್ರೂ ಇದ್ರೇನೇ ಬೇಕಂತೆ. ನೀನು ಬೋಳ್ಸಿದ್ರೆ ನಂದೂ ಹೋಯ್ತು. ಅಂಥಾದ್ದೇನ್ಲಾ ಹರಕೆ?"

"ತೀರೋಗಂಟ ಬಾಯಿ ಬುಡಂಗಿಲ್ಲ."

ಓಬಳರಾಜು ಇಳಿದದ್ದೇ ತಡ, ಆಟೋ ಧೂಳೆಬ್ಬಿಸಿಕೊಂಡು ಹೋಯಿತು.

ಭಾನುವಾರ ಓಬಳರಾಜು ಕುರಿ ಹೊಡೆದುಕೊಂಡು ಹೋದದ್ದನ್ನು ನೋಡಿಕೊಂಡೇ ದಸ್ತಗೀರ ಅವನ ಮನೆಗೆ ಬಂದ. ಹೆಂಡತಿ ಬೊಮ್ಮಕ್ಕ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು.

"ಅಕ್ಕ, ನಿನ್ ಗಂಡಂಗೆ ಒಸಿ ಬುದ್ಧಿ ಹೇಳು."

"ಬಾಯಿ ಬುಡಲ್ಲ ಅಂತ ಹೇಳ್ಕಂಡಿರೋದು ಆವಯ್ಯ, ನಾನಲ್ಲ," ಎಂದಳು ಬೊಮ್ಮಕ್ಕ, ತಲೆ ಎತ್ತದೆ. "ನಮ್ ಹೊಲದಲ್ಲಿ ಕಡ್ಲೆಕಾಯಿ ಬಳ್ಳಿ ಆಟೋಗೆ ತುಂಬೋವಾಗ ನಿಂಗೆ ಹಾವು ಕಡೀತಲ್ಲ. ತುಮಕೂರಲ್ಲಿ ಒಂಬತ್ತು ದಿನ ಮಲಗಿದ್ದೆ. ಮೂರನೇ ದಿನ ಡಾಕ್ಟ್ರು ನಮ್ ಕೈಲಿಲ್ಲ ಅಂದ್ರು. ಅವತ್ತಿಂದ ಆವಯ್ಯ ಗಡ್ಡ ಬಿಟ್ಟಿದ್ದು."

ದಸ್ತಗೀರ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಒಂದು ಕಾಯಿ ಸುಲಿದು ಬೀಜವನ್ನು ಮೊರಕ್ಕೆ ಹಾಕಿದ. ಇನ್ನೊಂದು ಸುಲಿದ.

"ನಂಗೆ ಹೇಳ್ಲೇ ಇಲ್ವಲ್ಲಕ್ಕ."

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ಬೈತಿದ್ದೆ."

"ಅದ್ಕೇಯ."

ಸೋಮವಾರ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದ ಓಬಳರಾಜುವಿನ ಮುಂದೆ ಲಗೇಜ್ ಆಟೋ ನಿಂತಿತು. "ಹತ್ತು," ಎಂದ ದಸ್ತಗೀರ. ಹತ್ತಿದ. ಕೊರಟಗೆರೆ ದಾಟುವಷ್ಟರಲ್ಲಿ ಕುಮಾರಸ್ವಾಮಿಯ ಫೋನು ಬಂತು.

"ಇಲ್ಲ ಕುಮಾರಣ್ಣ, ಬುಧವಾರ ಆಗಲ್ಲ. ಬೇರೆಯೋರನ್ನ ನೋಡ್ಕಳಿ... ಹೂಂ, ಇಬ್ರೂ ಬರಲ್ಲ."

ಓಬಳರಾಜು ಅವನತ್ತ ತಿರುಗಿದ. ದಸ್ತಗೀರ ಫೋನನ್ನು ಜೇಬಿಗಿಟ್ಟು ಗೇರು ಬದಲಿಸಿದ.

ಬೆಟ್ಟದ ಬುಡದಲ್ಲಿ ಕ್ಷೌರದವನು ಟವೆಲು ಹೊದಿಸಿ ಕೇಳಿದ: "ಯಾರ ಹೆಸ್ರಲ್ಲಿ ಹೇಳ್ಕಂಡಿದ್ದು ಯಜಮಾನ್ರೇ?"

"ದಸ್ತಗೀರ ಅಂತ."

ಕ್ಷೌರದವನ ಕೈ ಒಂದು ಗಳಿಗೆ ತಡೆಯಿತು. "ಅವ್ರು ಬಂದವ್ರಾ?"

"ನಾನೇ," ಎಂದ ದಸ್ತಗೀರ.

"ಅಂಗಾರೆ ಗಡ್ಡಕ್ಕೆ ಮೊದ್ಲ ನೀರು ನೀವೇ ಹಾಕ್ಬುಡಿ."

ಓಬಳರಾಜು ಟವೆಲಿನೊಳಗಿಂದಲೇ ಕತ್ತು ಹೊರಳಿಸಿದ. "ಯಾರ್ಲಾ ಹೇಳಿದ್ದು ನಿಂಗೆ?"

"ಬೊಮ್ಮಕ್ಕ."

"ಅವ್ಳ ಬಾಯಿಗೆ ಬೀಗ ಇಲ್ಲ."

"ನಿಂದಕ್ಕೆ ಐದು ತಿಂಗ್ಳು ಹಾಕಿದ್ಯಲ್ಲ, ಸಾಕು. ನೆಟ್ಟಗೆ ಕುಂತ್ಕೋ."

ದಸ್ತಗೀರ ಚೊಂಬಿನ ನೀರನ್ನು ಅಂಗೈಗೆ ಸುರಿದುಕೊಂಡು, ಗೆಳೆಯನ ಎರಡೂ ಕೆನ್ನೆಗಳನ್ನು, ಆಮೇಲೆ ಗದ್ದವನ್ನು ಕೂದಲ ಬುಡಕ್ಕೆ ಇಳಿಯುವಂತೆ ನೆನೆಸಿದ. ಒಂದು ಸಲಕ್ಕೆ ಸಾಲಲಿಲ್ಲ. ಮತ್ತೆ ಅಂಗೈ ತುಂಬಿಕೊಂಡ.